ಅರವತ್ತರ ನಂತರದ ದುಡಿಮೆ: ಕೋಲಾರ ಜಿಲ್ಲೆಯ ನಿವೃತ್ತರಿಗೊಂದು ಸಮಗ್ರ ಮಾರ್ಗದರ್ಶಿ

ಮೇ 31 ಬಂತೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ, ಕಚೇರಿಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳ ಸಾಲು. ಕಾರಣ ಬಹಳ ಜನರಿಗೆ ಗೊತ್ತಿರುವುದೇ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ತಂದೆತಾಯಿಗೆ ಹುಟ್ಟಿದ ದಿನ ನೆನಪಿಲ್ಲದಿದ್ದರೆ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ಸರ್ಕಾರಿ ನಿಯಮ. ಹೀಗೆ ಯಾರೋ ಅಂದಾಜಿನಲ್ಲಿ ಬರೆದ ತಾರೀಖು ಒಬ್ಬರ ದುಡಿಮೆಯ ಕೊನೆಯ ದಿನವನ್ನು ತೀರ್ಮಾನಿಸುತ್ತದೆ. ಕಚೇರಿಗೆ ಅಂಥದ್ದೊಂದು ತಾರೀಖು ಬೇಕು, ಒಪ್ಪೋಣ. ನಿಮ್ಮ ಕಣ್ಣು, ಮೊಣಕಾಲು, ಅನುಭವ ಆ ತಾರೀಖನ್ನು ಓದಿಕೊಂಡಿಲ್ಲ.

ನಿವೃತ್ತರಿಗೆ ಮೊಬೈಲ್ ಬಳಕೆ ಕಲಿಸುವ ಕೆಲಸವನ್ನು ಕೋಲಾರದಲ್ಲಿ ಪ್ರೀತಿಯಿಂದ ಮಾಡಿಕೊಂಡು ಬಂದಿದ್ದೇನೆ. ಅದರಿಂದ ನನಗೆ ಖಚಿತವಾಗಿರುವ ಮಾತು ಇದು: ಅರವತ್ತು ದಾಟಿದವರನ್ನು ತಡೆಯುತ್ತಿರುವುದು ಸಾಮರ್ಥ್ಯದ ಕೊರತೆ ಅಲ್ಲವೇ ಅಲ್ಲ. ಅವರ ಫೋನಿನ ಯಜಮಾನಿಕೆ ಇನ್ನೊಬ್ಬರ ಕೈಯಲ್ಲಿದೆ. ಸಿಮ್ ಮಗನ ಹೆಸರಿನಲ್ಲಿ, ಒಟಿಪಿ ಬೆಂಗಳೂರಿನಲ್ಲಿರುವ ಮಗಳಿಗೆ, ಪಾಸ್‌ವರ್ಡ್ ಮೊಮ್ಮಗನಿಗೆ ಮಾತ್ರ ಗೊತ್ತು. ಇಂಥ ಸ್ಥಿತಿಯಲ್ಲಿ ಯಾವ ತಂತ್ರಜ್ಞಾನವೂ ನಿಮಗೆ ಕೆಲಸ ತಂದುಕೊಡುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಅಲ್ಲಿಂದಲೇ ಶುರುವಾಗುತ್ತದೆ. ದಯವಿಟ್ಟು ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಕೆಲಸ ಹುಡುಕುವ ಅವಸರದಲ್ಲಿ ಮೊದಲೆರಡನ್ನು ಹಾರಿದವರು ಮತ್ತೆ ಅಲ್ಲಿಗೇ ವಾಪಸಾಗಬೇಕಾಗುತ್ತದೆ.

ಹೆಜ್ಜೆ 1: ಫೋನು ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿ

ಮೊದಲು ಸಿಮ್ ಯಾರ ಹೆಸರಿನಲ್ಲಿದೆ ನೋಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬ ಪಟ್ಟಿ ಸಿಗುತ್ತದೆ. ನೀವು ಬಳಸುವ ಸಂಖ್ಯೆ ಮಗನ ಹೆಸರಿನಲ್ಲಿದ್ದರೆ ಇಬ್ಬರೂ ಕಂಪನಿಯ ಮಳಿಗೆಗೆ ಹೋಗಿ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಮಕ್ಕಳ ಮೇಲೆ ಅಪನಂಬಿಕೆಯಿಂದ ಹೇಳುತ್ತಿರುವ ಮಾತಲ್ಲ ಇದು. ನಾಳೆ ನಿಮ್ಮ ಸಂಖ್ಯೆಗೆ ಗಿರಾಕಿಯ ಹಣ ಬರುತ್ತದೆ, ತೆರಿಗೆ ಇಲಾಖೆಯ ಸಂದೇಶ ಬರುತ್ತದೆ. ಅವೆಲ್ಲ ನಿಮ್ಮ ಹೆಸರಿನಲ್ಲೇ ಇರಬೇಕು.

ಎರಡನೆಯದು, ಆಧಾರ್‌ಗೆ ಜೋಡಣೆಯಾಗಿರುವ ಸಂಖ್ಯೆ. ಎಷ್ಟೋ ಜನರ ಆಧಾರ್‌ನಲ್ಲಿ ಎಂದೋ ನಿಂತುಹೋದ ಸಿಮ್‌ನ ಸಂಖ್ಯೆ ಕುಳಿತಿರುತ್ತದೆ. ಆಧಾರ್ ಸೇವಾ ಕೇಂದ್ರಕ್ಕೆ ಅಥವಾ ಈ ಸೌಲಭ್ಯವಿರುವ ಅಂಚೆ ಕಚೇರಿಗೆ ಹೋಗಿ ಈಗಿನ ಸಂಖ್ಯೆಯನ್ನು ಸೇರಿಸಿಕೊಳ್ಳಿ. ಬ್ಯಾಂಕಿನಲ್ಲೂ ಪ್ಯಾನ್‌ನಲ್ಲೂ ಅದೇ ಸಂಖ್ಯೆ ಇರಲಿ. ಆಧಾರ್, ಪ್ಯಾನ್, ಪಿಂಚಣಿ ಆದೇಶ ಪತ್ರ ಮೂರರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್‌ಗಳಾಗಿ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದು ಆಗುವ ತೊಂದರೆ ಅಷ್ಟಿಷ್ಟಲ್ಲ.

ಮೂರನೆಯದು, ಫೋನನ್ನು ನಿಮ್ಮ ದೇಹಕ್ಕೆ ಹೊಂದಿಸುವುದು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ಅಕ್ಷರದ ಗಾತ್ರ ಮತ್ತು ಪರದೆಯ ಗಾತ್ರ ಎರಡನ್ನೂ ದೊಡ್ಡದು ಮಾಡಿ. ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಕಚೇರಿಯಲ್ಲಿ ಇಂಗ್ಲಿಷ್ ಮೆನುವಿಗೆ ಒಗ್ಗಿಕೊಂಡಿದ್ದವರು ಹಾಗೆಯೇ ಬಿಡಲಿ. ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸಿ, ಮೈಕಿನ ಚಿಹ್ನೆ ಒತ್ತಿ ಮಾತನಾಡಿ. ನೀವು ಹೇಳಿದ್ದು ಅಕ್ಷರವಾಗುತ್ತದೆ. ಬೆರಳು ನಡುಗುವವರಿಗೆ, ಸಣ್ಣ ಕೀಲಿ ಕಾಣದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಎನ್ನುವವರು ನಮ್ಮಲ್ಲಿ ಬಹಳ. ಅವರು ಎರಡೂ ಭಾಷೆಗಳನ್ನು ಸೇರಿಸಿಕೊಳ್ಳಲಿ. ಪೊರೆ ಬಂದಿರುವ ಕಣ್ಣಿಗೆ ಮಾತ್ರ ಯಾವ ಆಪ್ ಕೂಡ ಮದ್ದಲ್ಲ. ಶಸ್ತ್ರಚಿಕಿತ್ಸೆ ಮುಂದೂಡುತ್ತಾ ಬಂದಿದ್ದರೆ ಹೊಸ ಕೆಲಸಕ್ಕೆ ಮುನ್ನ ಅದನ್ನು ಮುಗಿಸಿಕೊಳ್ಳಿ.

ಕಲಿಸುವವರಿಗೆ ಒಂದು ಷರತ್ತು ಹಾಕಿ. ಮೊಮ್ಮಕ್ಕಳು ಫೋನು ಕಸಿದುಕೊಂಡು ಚಕಚಕನೆ ಮಾಡಿ ತೋರಿಸಿ ಹಿಂದಿರುಗಿಸುತ್ತಾರೆ, ಕಲಿತದ್ದು ಶೂನ್ಯ. ಫೋನು ನಿಮ್ಮ ಕೈಯಲ್ಲೇ ಇರಲಿ, ಬೆರಳು ನಿಮ್ಮದೇ ಆಡಲಿ, ಅವರು ಬಾಯಲ್ಲಿ ಹೇಳಲಿ. ಪ್ರತಿ ಹಂತವನ್ನೂ ಒಂದು ನೋಟ್‌ಬುಕ್‌ನಲ್ಲಿ ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ.

ಹೆಜ್ಜೆ 2: ಪಿಂಚಣಿಯ ಬುಡ ಭದ್ರಪಡಿಸಿಕೊಳ್ಳಿ

ಹೊಸ ದುಡಿಮೆಯ ಮೇಲೆ ಮನೆ ನಡೆಯಬೇಕಾದ ಒತ್ತಡ ಇದ್ದರೆ ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತೀರಿ. ಅದಕ್ಕೇ ಮೊದಲು ಖಾತರಿಯ ಹಣ ಎಷ್ಟು, ಎಂದು ಬರುತ್ತದೆ ಎಂಬುದು ಸ್ಪಷ್ಟವಾಗಲಿ.

ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ ವಯಸ್ಸು 60. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿದ ಖಾಸಗಿ ನೌಕರರ ಲೆಕ್ಕ ಬೇರೆ. ಭವಿಷ್ಯ ನಿಧಿಯ ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಯ ವಯಸ್ಸು 58. ಅದಕ್ಕೆ ಕನಿಷ್ಠ 10 ವರ್ಷದ ಸೇವೆ ಬೇಕು. ಬಹಳ ಜನರಿಗೆ ತಿಳಿಯದ ಒಂದು ಅವಕಾಶ ಇಲ್ಲಿದೆ: 58ಕ್ಕೆ ಪಿಂಚಣಿ ತೆಗೆದುಕೊಳ್ಳದೆ 60ರವರೆಗೆ ಮುಂದೂಡಿದರೆ ಪ್ರತಿ ಪೂರ್ಣ ವರ್ಷಕ್ಕೆ ಶೇ 4ರಷ್ಟು ಹೆಚ್ಚಾಗುತ್ತದೆ. 58ಕ್ಕೆ ಮೊದಲೇ, 50ರ ನಂತರ ತೆಗೆದುಕೊಂಡರೆ ವರ್ಷಕ್ಕೆ ಶೇ 4ರಷ್ಟು ಕಡಿತ. ಆ ಎರಡು ವರ್ಷ ಬೇರೆ ದುಡಿಮೆಯಿಂದ ಮನೆ ನಡೆಯುವಂತಿದ್ದರೆ ಮುಂದೂಡುವುದನ್ನು ಗಂಭೀರವಾಗಿ ಯೋಚಿಸಿ, ಏಕೆಂದರೆ ಹೆಚ್ಚಿದ ಮೊತ್ತ ಜೀವನಪೂರ್ತಿ ಬರುತ್ತದೆ. ಭವಿಷ್ಯ ನಿಧಿಯ ಪಾಸ್‌ಬುಕ್ ನೋಡಲು ಕೇಂದ್ರ ಸರ್ಕಾರದ ಉಮಂಗ್ ಆಪ್ ಸಾಕು. ಹಳೆಯ ಕಂಪನಿಗಳ ಖಾತೆಗಳು ಒಂದೇ ಯುಎಎನ್ (ಭವಿಷ್ಯ ನಿಧಿ ಸದಸ್ಯರ ಕಾಯಂ) ಸಂಖ್ಯೆಯಡಿ ಸೇರಿವೆಯೇ ಎಂಬುದನ್ನು ಅಲ್ಲೇ ಪರಿಶೀಲಿಸಿ.

ಜೀವಿತ ಪ್ರಮಾಣ ಪತ್ರಕ್ಕಾಗಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಹಿರಿಯರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಪತ್ರವನ್ನು ಡಿಜಿಟಲ್ ಆಗಿ ಸಲ್ಲಿಸುವ ಜೀವನ್ ಪ್ರಮಾಣ್ ವ್ಯವಸ್ಥೆ ಬಂದದ್ದು 2014ರಲ್ಲಿ. 2021ರಿಂದ ಮುಖ ಗುರುತಿಸುವ ವಿಧಾನವೂ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎಂಬ ಎರಡು ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಆಧಾರ್, ಪಿಂಚಣಿ ಆದೇಶ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಕೈಯಲ್ಲಿರಲಿ. ಬೆಳಕಿಗೆ ಎದುರಾಗಿ ಕುಳಿತು, ಕನ್ನಡಕ ತೆಗೆದು, ಆಪ್ ಹೇಳಿದಾಗ ಕಣ್ಣು ಮಿಟುಕಿಸಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟವರು ಅದನ್ನು ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು. ನಿಮ್ಮ ಪಿಂಚಣಿ ಕೊಡುವ ಇಲಾಖೆ ಅಥವಾ ಬ್ಯಾಂಕ್ ಜೀವನ್ ಪ್ರಮಾಣ್ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಿ. ಫೋನಿನಲ್ಲಿ ಆಗದಿದ್ದರೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಸಣ್ಣ ಶುಲ್ಕಕ್ಕೆ ಮಾಡಿಕೊಡುತ್ತಾರೆ. ಭವಿಷ್ಯ ನಿಧಿಯ ಪಿಂಚಣಿದಾರರು ನವೆಂಬರ್‌ಗಾಗಿ ಕಾಯಬೇಕಿಲ್ಲ. ವರ್ಷದ ಯಾವ ದಿನ ಸಲ್ಲಿಸಿದರೂ ಅಲ್ಲಿಂದ ಒಂದು ವರ್ಷ ಊರ್ಜಿತ. ಈ ಪತ್ರದಲ್ಲಿ ಮರುನೇಮಕ ಆಗಿದೆಯೇ ಎಂಬ ಪ್ರಶ್ನೆಯೂ ಬರುತ್ತದೆ. ಸುಮ್ಮನೆ ಇಲ್ಲ ಎಂದು ಒತ್ತಬೇಡಿ, ಇರುವುದನ್ನೇ ಹೇಳಿ.

ಸರ್ಕಾರದಲ್ಲಿ ಹಿರಿಯ ಹುದ್ದೆಯಲ್ಲಿದ್ದವರು ಖಾಸಗಿ ಸಂಸ್ಥೆ ಸೇರುವ ಮುನ್ನ ತಮ್ಮ ಹಿಂದಿನ ಇಲಾಖೆಯನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು. ನಿವೃತ್ತಿಯ ಹೊಸತರಲ್ಲಿ ಅನುಮತಿ ಬೇಕಾಗುವ ಸಂದರ್ಭಗಳುಂಟು.

ಹೆಜ್ಜೆ 3: ಯಾವ ಕೆಲಸ? ಹುದ್ದೆಯ ಹೆಸರು ಮರೆತು ಯೋಚಿಸಿ

ಇಲ್ಲಿ ಸಮಯ ತೆಗೆದುಕೊಳ್ಳಿ. ಒಂದು ಹಾಳೆ ತೆಗೆದು, ಜನ ನಿಮ್ಮ ಬಳಿ ಏನು ಕೇಳಿಕೊಂಡು ಬರುತ್ತಿದ್ದರು ಎಂದು ಬರೆಯಿರಿ. ಹುದ್ದೆ 'ಪ್ರಥಮ ದರ್ಜೆ ಸಹಾಯಕ' ಆಗಿರಬಹುದು. ಆದರೆ ಊರಿನವರು ಬರುತ್ತಿದ್ದದ್ದು ಅರ್ಜಿ ಬರೆಸಿಕೊಳ್ಳಲು. ಆ ಅರ್ಜಿ ಬರೆಯುವ ಕೈಯೇ ನಿಮ್ಮ ಬಂಡವಾಳ. ನಮ್ಮ ಜಿಲ್ಲೆಯಲ್ಲಿ ನಡೆಯಬಲ್ಲ ಕೆಲವು ದಾರಿಗಳನ್ನು ಹೇಳುತ್ತೇನೆ.

ಪಾಠ. ಎಸ್‌ಎಸ್‌ಎಲ್‌ಸಿ ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಮಕ್ಕಳ ಮನೆಯಲ್ಲಿ ಫೋನು ಮಾತ್ರ ಇದೆ. ಗೂಗಲ್ ಮೀಟ್‌ನಲ್ಲಿ ಉಚಿತವಾಗಿ ಮೂರು ಅಥವಾ ಹೆಚ್ಚು ಜನರ ತರಗತಿ 60 ನಿಮಿಷ ನಡೆಯುತ್ತದೆ, ಝೂಮ್‌ನಲ್ಲಿ 40 ನಿಮಿಷ. ಹದಿವಯಸ್ಸಿನ ಮಕ್ಕಳ ಗಮನಕ್ಕೆ 40 ನಿಮಿಷವೇ ಸಾಕು. ಕಪ್ಪು ಹಲಗೆ ಬೇಡ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕ್ಯಾಮೆರಾ ಕೆಳಮುಖವಾಗಿರುವಂತೆ ಇಟ್ಟು, ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಲೆಕ್ಕ ಬಿಡಿಸುತ್ತಾ ಮಾತನಾಡಿ. ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಸೇರಿಸಬೇಡಿ. ನೂರು ಮಕ್ಕಳಿಗೆ ಯೂಟ್ಯೂಬ್ ಇದೆ. ಆ ಐದು ಮಕ್ಕಳ ಯಾವ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ನೋಡುವವರು ನೀವು ಮಾತ್ರ. ಉತ್ತರ ಪತ್ರಿಕೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಅದರ ಮೇಲೇ ಗುರುತು ಮಾಡಿ ಕಳುಹಿಸಿ.

ಕೈಕಸುಬಿನ ತಾಂತ್ರಿಕ ಜ್ಞಾನ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಎಂಥೆಂಥ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ಮನೆಗೆ ಮರಳಿದರು! ಅವರ ಅರಿವನ್ನು ಯಾರೂ ಬರೆದಿಡಲಿಲ್ಲ ಎನ್ನುವ ನೋವು ನನಗಿದೆ. ಇಂದು ಬೆಮೆಲ್ ಕಾರ್ಖಾನೆಯಿಂದ ನಿವೃತ್ತರಾಗುವವರಿಗೆ ಆ ಗತಿ ಬರಬಾರದು. ವೆಲ್ಡಿಂಗ್, ಮೆಷೀನಿಂಗ್, ಹೈಡ್ರಾಲಿಕ್ಸ್, ಗುಣಮಟ್ಟ ಪರೀಕ್ಷೆ ಬಲ್ಲವರು ಸಣ್ಣ ವರ್ಕ್‌ಶಾಪ್‌ಗಳಿಗೆ ವಾರಕ್ಕೆ ಎರಡು ದಿನ ಸಲಹೆ ಕೊಡಬಹುದು. ಉಳಿದ ದಿನ ವಿಡಿಯೊ ಕರೆಯಲ್ಲಿ ಯಂತ್ರದ ಸದ್ದು ಕೇಳಿಸಿಕೊಂಡೇ ದೋಷ ಹೇಳುವವರು ನಮ್ಮಲ್ಲಿದ್ದಾರೆ. ಹೊಸ ಡ್ರಾಯಿಂಗ್ ಸಾಫ್ಟ್‌ವೇರ್ ಪರಿಚಯ ಬೇಕೆನಿಸಿದರೆ ಸ್ವಯಂ ಮತ್ತು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಉಚಿತ ಪಾಠಗಳಿವೆ. ಪ್ರಮಾಣಪತ್ರ ಬೇಕೆಂದಾಗ ಮಾತ್ರ ಪರೀಕ್ಷಾ ಶುಲ್ಕ.

ಭಾಷೆ. ಇದು ಕೋಲಾರದವರ ಗುಪ್ತ ನಿಧಿ, ನಾವೇ ಅದಕ್ಕೆ ಬೆಲೆ ಕೊಟ್ಟಿಲ್ಲ. ಕನ್ನಡ, ತೆಲುಗು, ಕೆಜಿಎಫ್ ಕಡೆಯವರಾದರೆ ತಮಿಳು, ಜೊತೆಗೆ ಕಚೇರಿಯ ಇಂಗ್ಲಿಷ್: ನಾಲ್ಕು ಭಾಷೆ ಲೀಲಾಜಾಲವಾಗಿ ಬರುವವರು ಬೆಂಗಳೂರಿನ ಭಾಷಾಂತರ ಸಂಸ್ಥೆಗಳಿಗೆ ಬೇಕಾದವರು. ಭಾಷಾಂತರ, ಕರಡು ತಿದ್ದುವುದು, ಧ್ವನಿಮುದ್ರಿಕೆ ಕೇಳಿ ಬರೆಯುವುದು, ಉಪಶೀರ್ಷಿಕೆ, ಯಂತ್ರ ಮಾಡಿದ ಅನುವಾದವನ್ನು ತಿದ್ದುವುದು, ಇವೆಲ್ಲ ಮನೆಯಿಂದಲೇ ಆಗುವ ಕೆಲಸ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಿರುವವರು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ನುಡಿಯಲ್ಲೇ ಆ ಆಯ್ಕೆ ಇದೆ, ಕೀಲಿಗಳ ಜೋಡಣೆ ಅದೇ ಇರುವುದರಿಂದ ಬೆರಳಿಗೆ ಹೊಸ ಪಾಠ ಬೇಡ.

ದಾಖಲೆ ಓದುವುದು. ನಿವೃತ್ತ ಸರ್ವೆಯರ್, ಗ್ರಾಮ ಲೆಕ್ಕಿಗ, ಉಪನೋಂದಣಿ ಕಚೇರಿಯ ಸಿಬ್ಬಂದಿ ಇದ್ದಾರಲ್ಲ, ಅವರಷ್ಟು ಬೇಡಿಕೆ ಯಾರಿಗೂ ಇಲ್ಲ. ಭೂಮಿ ತಂತ್ರಾಂಶದಲ್ಲಿ ಪಹಣಿ ಯಾರಾದರೂ ತೆಗೆಯಬಹುದು. ಹಳೆಯ ಟಿಪ್ಪಣಿ, ಆಕಾರಬಂದ್, ಕೈಬರಹದ ಮ್ಯುಟೇಷನ್ ವಹಿ ಓದಿ, ಪೋಡಿ (ಜಮೀನಿನ ವಿಭಜನೆ) ಎಲ್ಲಿ ನಿಂತಿದೆ ಎಂದು ಹೇಳಬಲ್ಲವರು ಕಡಿಮೆ. ಓದಿ ವಿವರಿಸುವುದಕ್ಕೆ ಶುಲ್ಕ ಪಡೆಯಿರಿ. ಹಳೆಯ ಸಹೋದ್ಯೋಗಿಯ ಮೇಜಿಗೆ ಕಡತ ಸರಿಸುವ ಕೆಲಸಕ್ಕೆ ಎಷ್ಟೇ ಒತ್ತಾಯ ಬಂದರೂ ಒಪ್ಪಬೇಡಿ. ನಿಮ್ಮ ಹೆಸರು ಉಳಿಯುವುದು ಅಲ್ಲಿ.

ಲೆಕ್ಕಪತ್ರ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮಂಡಿಗಳ ಸುತ್ತ ಸಾಗಣೆ, ಕ್ರೇಟ್, ಪ್ಯಾಕಿಂಗ್ ನಡೆಸುವ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆಯುವವರು ಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ರಾಜ್ಯದ ಸಣ್ಣ ಅಂಗಡಿಗಳಿಗೆ ಬಂದ ಮೇಲೆ ಈ ಅಗತ್ಯ ಎದ್ದು ಕಾಣುತ್ತಿದೆ. ಬ್ಯಾಂಕ್, ಸಹಕಾರ ಸಂಘಗಳಿಂದ ನಿವೃತ್ತರಾದವರಿಗೆ ಇದು ಸಹಜ ದಾರಿ.

ಅಡುಗೆಮನೆ. ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿ, ರಾಗಿ ಹುರಿಹಿಟ್ಟು, ಹಪ್ಪಳ, ಸಂಡಿಗೆ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಫಾಸ್ಕಾಸ್ ಜಾಲತಾಣದಲ್ಲಿ ಆಗುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆಪ್‌ನಲ್ಲಿ ಫೋಟೊ, ತೂಕ, ಬೆಲೆ ಹಾಕಿಡಬಹುದು. ಈ ಸಂದರ್ಭದಲ್ಲಿ ಒಂದು ಮಾತು ಹೇಳಲೇಬೇಕು. ಯಜಮಾನರು ನಿವೃತ್ತರಾಗಿ ಮನೆಯಲ್ಲಿ ಕುಳಿತರೆ ಯಜಮಾನಿಗೆ ಕಾಫಿ, ತಿಂಡಿಯ ಕೆಲಸ ಹೆಚ್ಚುತ್ತದೆ. ಅವರಿಗೆ ನಿವೃತ್ತಿ ಎಂಬುದೇ ಇಲ್ಲ. ಅವರ ಕೈರುಚಿಯಿಂದ ಹಣ ಬರುವುದಾದರೆ ನೋಂದಣಿ, ಬ್ಯಾಂಕ್ ಖಾತೆ, ಕ್ಯೂಆರ್ ಕೋಡ್ ಎಲ್ಲವೂ ಅವರ ಹೆಸರಿನಲ್ಲೇ ಆಗಲಿ. ನೀವು ಪೊಟ್ಟಣ ಕಟ್ಟಿ, ಅಂಚೆಗೆ ಹಾಕಿ.

ಹೊಲ. ರೈತನಿಗೆ ನಿವೃತ್ತಿ ಆದೇಶ ಯಾರೂ ಕೊಡುವುದಿಲ್ಲ, ದೇಹ ಮಾತ್ರ ಕೊಡುತ್ತದೆ. ತ್ರೀಫೇಸ್ ವಿದ್ಯುತ್ ರಾತ್ರಿ ಬಂದಾಗ ಎದ್ದು ಟಾರ್ಚ್ ಹಿಡಿದು ಕೊಳವೆಬಾವಿಯ ಕಡೆ ನಡೆಯುವುದು ಎಪ್ಪತ್ತರ ವಯಸ್ಸಿನಲ್ಲಿ ಅಪಾಯ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಕೂರಿಸಿಕೊಂಡರೆ ಹಾಸಿಗೆಯಿಂದಲೇ ಮೋಟರ್ ಹಾಕಿ ಆರಿಸಬಹುದು. ಫೇಸ್ ಹೋದರೆ ಅಥವಾ ನೀರು ನಿಂತರೆ ಮೋಟರ್ ತಾನೇ ನಿಲ್ಲುವ ಮಾದರಿಗಳನ್ನೇ ಕೊಳ್ಳಿ. ಅದರೊಂದಿಗೆ ಹನಿ ನೀರಾವರಿ ಇದ್ದರೆ ಒಂದೆರಡು ಎಕರೆ ತರಕಾರಿಯನ್ನು ವಯಸ್ಸಾದವರೂ ನೋಡಿಕೊಳ್ಳಬಹುದು.

ಹೆಜ್ಜೆ 4: ಕೃತಕ ಬುದ್ಧಿಮತ್ತೆಯನ್ನು ಗುಮಾಸ್ತನಂತೆ ದುಡಿಸಿಕೊಳ್ಳಿ

ಚಾಟ್‌ಜಿಪಿಟಿ, ಜೆಮಿನಿ ಮುಂತಾದವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತವೆ. ಅರವತ್ತು ದಾಟಿದವರಿಗೆ ಇವು ಯುವಕರಿಗಿಂತ ಹೆಚ್ಚು ಉಪಯೋಗ ಎಂದು ನನ್ನ ನಂಬಿಕೆ, ಏಕೆಂದರೆ ಕರಡು ಸರಿಯಿದೆಯೇ ಎಂದು ತೂಗಿ ನೋಡುವ ಅನುಭವ ನಿಮ್ಮಲ್ಲಿದೆ. ಬೆಂಗಳೂರಿನ ಕಂಪನಿಗೆ ಇಂಗ್ಲಿಷ್ ಪತ್ರ ಬೇಕೆ? ವಿಷಯವನ್ನು ಕನ್ನಡದಲ್ಲಿ ಮಾತನಾಡಿ ಹೇಳಿ, ಅರ್ಧ ಪುಟದ ಕರಡು ಕೇಳಿ, ನಿಮ್ಮ ಮಾತಿಗೆ ತಿದ್ದಿ ಕಳುಹಿಸಿ. ಭಿನ್ನರಾಶಿಯ ಮೇಲೆ ಹತ್ತು ಅಭ್ಯಾಸದ ಲೆಕ್ಕ ಬೇಕೆ? ಕೇಳಿ, ಆದರೆ ಪ್ರತಿಯೊಂದನ್ನೂ ನೀವೇ ಬಿಡಿಸಿ ನೋಡಿದ ಮೇಲೆ ಮಕ್ಕಳಿಗೆ ಕೊಡಿ.

ಇವು ತಿಳಿಯದ್ದನ್ನೂ ತಿಳಿದವರಂತೆ ಬರೆಯುತ್ತವೆ. ಕಾನೂನಿನ ಸೆಕ್ಷನ್, ಸರ್ಕಾರಿ ಆದೇಶದ ಸಂಖ್ಯೆ, ತಾರೀಖು, ಔಷಧದ ಪ್ರಮಾಣ, ಈ ನಾಲ್ಕನ್ನು ಇವುಗಳ ಬಾಯಿಂದ ಕೇಳಿ ನಂಬಬೇಡಿ. ನಿಮ್ಮದಾಗಲಿ ಗಿರಾಕಿಯದಾಗಲಿ ಆಧಾರ್, ಪ್ಯಾನ್, ಬ್ಯಾಂಕ್ ವಿವರ, ಜಮೀನಿನ ಪತ್ರಗಳನ್ನು ಇವಕ್ಕೆ ಹಾಕಬೇಡಿ.

ಹೆಜ್ಜೆ 5: ಗಿರಾಕಿ ಎಲ್ಲಿಂದ? ಬೆಲೆ ಎಷ್ಟು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2021ರ ಅಕ್ಟೋಬರ್ 1ರಂದು ಹಿರಿಯರ ಮರು ಉದ್ಯೋಗಕ್ಕಾಗಿ ಸೇಕ್ರೆಡ್ ಎಂಬ ಜಾಲತಾಣ ತೆರೆಯಿತು. ಹೆಸರು ನೋಂದಾಯಿಸಿಡಿ, ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಲಿಂಕ್ಡ್‌ಇನ್ ತಾಂತ್ರಿಕ ಕ್ಷೇತ್ರದವರಿಗೆ, ಭಾಷಾಂತರಕಾರರಿಗೆ ಉಪಯುಕ್ತ. ಉಳಿದವರಿಗೆ ಕೋಲಾರದಂಥ ಊರಿನಲ್ಲಿ ಕೆಲಸ ಬರುವುದು ಪರಿಚಯದ ಜಾಡು ಹಿಡಿದೇ.

ಆದ್ದರಿಂದ ಹೀಗೆ ಮಾಡಿ. ನಾಲ್ಕು ಸಾಲಿನ ಸಂದೇಶ ಬರೆಯಿರಿ: ನಾನು ಯಾರು, ಏನು ಮಾಡಿಕೊಡುತ್ತೇನೆ, ಯಾವ ದಿನ ಯಾವ ಹೊತ್ತಿನಲ್ಲಿ ಸಿಗುತ್ತೇನೆ, ಶುಲ್ಕ ಎಷ್ಟು. ಅದನ್ನು ಗುಂಪುಗಳಿಗೆ ಎಸೆಯುವ ಮೊದಲು, ನಿಮ್ಮ ಕೆಲಸ ಕಣ್ಣಾರೆ ಕಂಡಿರುವ ಹಳೆಯ ಶಿಷ್ಯರಿಗೆ, ಸಹೋದ್ಯೋಗಿಗಳಿಗೆ, ವ್ಯಾಪಾರಿಗಳಿಗೆ ಒಬ್ಬೊಬ್ಬರಿಗೇ ಹೆಸರು ಹಿಡಿದು ಕಳುಹಿಸಿ. ಜೊತೆಗೆ ಒಂದು ಫೋನ್ ಕರೆ ಮಾಡಿ.

ಶುಲ್ಕದ ವಿಷಯದಲ್ಲಿ ನಮ್ಮ ಹಿರಿಯರ ಸಂಕೋಚ ದೊಡ್ಡದು. "ಪಿಂಚಣಿ ಬರುತ್ತದಲ್ಲ ಸಾರ್, ನಿಮಗೇಕೆ ದುಡ್ಡು?" ಎಂದು ಕೇಳುವವರು ಸಿಗುತ್ತಾರೆ. ಪಿಂಚಣಿ ನೀವು ಆಗಲೇ ಮಾಡಿದ ಸೇವೆಗೆ ಬರುತ್ತಿರುವುದು, ಇಂದಿನ ಕೆಲಸಕ್ಕೆ ಇಂದಿನ ಬೆಲೆ. ತಯಾರಿಯ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ ಗಂಟೆಗೆ ಇಷ್ಟು ಎಂದು ನಿಗದಿ ಮಾಡಿ, ಮೊದಲೇ ಹೇಳಿ. ಬಡ ಮಗುವಿಗೆ ಉಚಿತವಾಗಿ ಕಲಿಸುವ ಮನಸ್ಸಿದ್ದರೆ ಧಾರಾಳವಾಗಿ ಕಲಿಸಿ. ಅದು ನಿಮ್ಮ ಆಯ್ಕೆಯಾಗಲಿ, ಕೇಳಲಾಗದ ಮುಜುಗರವಾಗದಿರಲಿ.

ದುಡಿಮೆಯ ಹಣಕ್ಕೆ ಪ್ರತ್ಯೇಕ ಉಳಿತಾಯ ಖಾತೆ ತೆರೆಯಿರಿ. ಯುಪಿಐಯನ್ನು ಆ ಖಾತೆಗೆ ಮಾತ್ರ ಜೋಡಿಸಿ. ಪಿಂಚಣಿ ಖಾತೆ, ಠೇವಣಿ ಇರುವ ಖಾತೆ ಯಾವ ಪಾವತಿ ಆಪ್‌ಗೂ ಜೋಡಣೆ ಆಗದಿರಲಿ. ವಂಚಕನಿಗೆ ಬಾಗಿಲು ಸಿಕ್ಕರೂ ಒಳಗೆ ಕೆಲವು ಸಾವಿರ ರೂಪಾಯಿ ಮಾತ್ರ ಇರುತ್ತದೆ. ಈ ಮಾರ್ಗದರ್ಶಿಯಿಂದ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ.

ಹೆಜ್ಜೆ 6: ವಂಚಕರಿಂದ ದೂರ

ಮನೆಯಿಂದಲೇ ಕೆಲಸ ಹುಡುಕುವ ನಿವೃತ್ತರ ಮೇಲೆ ಕಳ್ಳರ ಕಣ್ಣು ಸದಾ ಇರುತ್ತದೆ. ಕೆಲಸ ಕೊಡಲು ನೋಂದಣಿ ಶುಲ್ಕ, ಭದ್ರತಾ ಠೇವಣಿ, ತರಬೇತಿ ಹಣ ಕೇಳಿದರೆ ಅದು ಮೋಸ, ಅಲ್ಲಿಗೇ ಮಾತು ನಿಲ್ಲಿಸಿ. ಡೇಟಾ ಎಂಟ್ರಿ ಕೆಲಸ ಕೊಟ್ಟು, ತಪ್ಪುಗಳಾಗಿವೆ ಎಂದು ಹೇಳಿ ಒಪ್ಪಂದದ ಪ್ರಕಾರ ದಂಡ ಕಟ್ಟಿ ಎಂದು ವಕೀಲರ ಹೆಸರಿನಲ್ಲಿ ಬೆದರಿಸುವವರಿದ್ದಾರೆ. ಟೆಲಿಗ್ರಾಂನಲ್ಲಿ ಹೋಟೆಲ್‌ಗಳಿಗೆ ಸ್ಟಾರ್ ಕೊಟ್ಟರೆ ಹಣ ಎಂದು ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ಲಕ್ಷ ಕಟ್ಟಿಸಿಕೊಳ್ಳುವವರಿದ್ದಾರೆ.

ಹಣ ಪಡೆಯಲು ಯುಪಿಐ ಪಿನ್ ಬೇಡ. ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಚಲನ್ ಎಂದು ಬರುವ ಎಪಿಕೆ ಫೈಲ್ (ಫೋನಿನಲ್ಲಿ ಆಪ್ ಕೂರಿಸುವ ಫೈಲ್) ಒತ್ತಬೇಡಿ. ಜೀವಿತ ಪ್ರಮಾಣ ಪತ್ರಕ್ಕೆಂದು ಕರೆ ಮಾಡಿ ಯಾವ ಕಚೇರಿಯೂ ಒಟಿಪಿ ಕೇಳುವುದಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಸಮವಸ್ತ್ರ ಹಾಕಿ ವಿಡಿಯೊದಲ್ಲಿ ಗದರಿಸುವವನು ಪೊಲೀಸನಲ್ಲ. ಕರೆ ಕತ್ತರಿಸಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಫೋನು ಕಳೆದರೆ ಸಂಚಾರ್ ಸಾಥಿಯಲ್ಲೇ ಅದನ್ನು ನಿಷ್ಕ್ರಿಯಗೊಳಿಸಬಹುದು. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567.

ಹೆಜ್ಜೆ 7: ತೆರಿಗೆ

ಇದನ್ನು ಚುಟುಕಾಗಿ ಹೇಳುತ್ತೇನೆ, ಒಮ್ಮೆ ಲೆಕ್ಕ ಪರಿಶೋಧಕರ ಬಳಿ ಕುಳಿತು ಮಾತನಾಡುವುದೇ ಮೇಲು. 60 ದಾಟಿದವರಿಗೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ ಕಟ್ಟುವ ಗೊಡವೆ ಇಲ್ಲ. ಟ್ಯೂಷನ್, ಸಲಹೆ, ಭಾಷಾಂತರದ ಹಣ ಬರಲು ಶುರುವಾದರೆ ಆ ವಿನಾಯಿತಿ ಹೋಗುತ್ತದೆ. ಪಿಂಚಣಿದಾರರು ರೂಢಿಯಲ್ಲಿ ತುಂಬುವ ಐಟಿಆರ್-1 ಕೂಡ ನಡೆಯುವುದಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಸೇರಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಬಹುತೇಕರು ಕಟ್ಟಬೇಕಾದದ್ದು ಏನೂ ಇರುವುದಿಲ್ಲ. ಆದರೂ ರಿಟರ್ನ್ ಸಲ್ಲಿಸಿ. ಕಂಪನಿಗಳು ನಿಮ್ಮ ಶುಲ್ಕದಲ್ಲಿ ಮುರಿದುಕೊಂಡ ಟಿಡಿಎಸ್ ವಾಪಸ್ ಬರುವುದು ಹಾಗೆಯೇ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವಾರ್ಷಿಕ 20 ಲಕ್ಷ ದಾಟಿದ ಮೇಲಿನ ಮಾತು. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ, ಆಧಾರ್ ಮತ್ತು ಪ್ಯಾನ್ ಬೇಕು. ಅದಕ್ಕೆ ಹಣ ಕೇಳುವ ಜಾಲತಾಣಗಳು ಖಾಸಗಿಯವರದು.

ಹೆಜ್ಜೆ 8: ಗಂಟೆಗಳಿಗೆ ಬೇಲಿ

ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರು ಸರ್ಕಾರಿ ಸೇವೆಯನ್ನು ಅವಧಿಗೆ ಮೊದಲೇ ಬಿಟ್ಟರು. ಆಮೇಲಿನ ದಶಕಗಳಲ್ಲಿ ಬರೆಯುತ್ತಲೇ ಇದ್ದು, 1983ರ ಜ್ಞಾನಪೀಠ ಬಂದಾಗ ಅವರಿಗೆ 92 ದಾಟಿತ್ತು. ನಾವೆಲ್ಲ ಮಾಸ್ತಿ ಆಗಬೇಕಿಲ್ಲ. ಕಚೇರಿಯ ಗಂಟೆ ಬೇರೆ, ನಮ್ಮ ಗಂಟೆ ಬೇರೆ ಎಂಬುದನ್ನು ಮಾತ್ರ ಅವರಿಂದ ಕಲಿಯಬಹುದು.

ಶುರುವಿನಲ್ಲಿ ದಿನಕ್ಕೆ ಎರಡು ಗಂಟೆ, ವಾರಕ್ಕೆ ನಾಲ್ಕು ದಿನ ಸಾಕು. ಮೂರು ತಿಂಗಳು ಹಾಗೇ ನಡೆಸಿ, ನಿದ್ದೆ, ಸಕ್ಕರೆ, ರಕ್ತದೊತ್ತಡ ಹೇಗಿವೆ ನೋಡಿ ಹೆಚ್ಚಿಸಿ. ಫೋನಿನ ಕ್ಯಾಲೆಂಡರ್‌ನಲ್ಲಿ ಮೊದಲು ಮಾತ್ರೆ, ನಡಿಗೆ, ಊಟ ಬರೆದು, ಉಳಿದ ಜಾಗದಲ್ಲಿ ಕೆಲಸ ಬರೆಯಿರಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕೆಲಸದ ವೇಳೆ ನಮೂದಿಸಿ, ಉಳಿದ ಹೊತ್ತಿನಲ್ಲಿ "ನಾಳೆ ಹತ್ತು ಗಂಟೆಗೆ ಉತ್ತರಿಸುತ್ತೇನೆ" ಎಂಬ ಸಂದೇಶ ತಾನಾಗಿ ಹೋಗುವಂತೆ ಮಾಡಿ. ಮಾತನಾಡುವ ಕೆಲಸದವರು ತಂತಿಯಿರುವ ಇಯರ್‌ಫೋನ್ ಬಳಸಿದರೆ ಎದುರಿನವರ ಮಾತು ಸ್ಪಷ್ಟವಾಗುತ್ತದೆ, ನೀವು ಕೂಗಬೇಕಾಗುವುದಿಲ್ಲ.

ಮಕ್ಕಳು "ಅಪ್ಪಾ, ಇನ್ನು ಯಾಕೆ ಕಷ್ಟ?" ಎಂದು ಕೇಳಿದರೆ ಬೇಸರಪಡಬೇಡಿ; ಅವರ ಆತಂಕ ನಿಜವಾದದ್ದು. ವಾರದ ವೇಳಾಪಟ್ಟಿಯನ್ನು ಅವರಿಗೆ ತೋರಿಸಿ, ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವ ಹೊತ್ತು ನಿಮ್ಮ ಪಾಲಿನದಾಗಿದ್ದರೆ ಅದನ್ನೂ ಅದರಲ್ಲಿ ಬರೆಯಿರಿ. ಪುಕ್ಕಟೆ ಸಿಗುತ್ತಾರೆಂದು ಅಜ್ಜ-ಅಜ್ಜಿಯ ಇಡೀ ದಿನವನ್ನು ಮನೆಗೆಲಸಕ್ಕೆ ಬರೆದುಕೊಳ್ಳುವುದು ಸರಿಯಲ್ಲ ಎಂದು ಮಕ್ಕಳಿಗೂ ಹೇಳಬಯಸುತ್ತೇನೆ.

ಕೊನೆಯ ಕೆಲಸ, ಇದನ್ನು ಮೊದಲ ತಿಂಗಳಲ್ಲೇ ಮುಗಿಸಿ. ಬ್ಯಾಂಕ್, ಭವಿಷ್ಯ ನಿಧಿ, ಅಂಚೆ ಉಳಿತಾಯ ಎಲ್ಲದರಲ್ಲೂ ನಾಮನಿರ್ದೇಶನ ಆಗಿದೆಯೇ ನೋಡಿ. ಒಂದು ಹಾಳೆಯಲ್ಲಿ ಖಾತೆಗಳ ಪಟ್ಟಿ, ಯಾವ ಗಿರಾಕಿಯಿಂದ ಎಷ್ಟು ಬಾಕಿ, ಯಾರಿಗೆ ಯಾವ ಕೆಲಸ ಮುಗಿಸಿಕೊಡಬೇಕು ಎಂದು ಬರೆದು ತಿಂಗಳಿಗೊಮ್ಮೆ ತಿದ್ದಿ. ಪಿನ್, ಪಾಸ್‌ವರ್ಡ್ ಆ ಹಾಳೆಯಲ್ಲಿ ಬೇಡ. ಹಾಳೆ ಬೀರುವಿನ ಯಾವ ಖಾನೆಯಲ್ಲಿದೆ ಎಂದು ನಿಮ್ಮ ಪತಿಗೆ ಅಥವಾ ಪತ್ನಿಗೆ ತೋರಿಸಿ, ಒಮ್ಮೆ ಜೊತೆಗೆ ಕುಳಿತು ಓದಿ ಹೇಳಿ.